ದೊಡ್ಡ ಫರ್ಮಿನ ಫ್ರೀ ವಕೀಲರು, ತಾಲ್ಲೂಕು ಕೋರ್ಟಿನ ಉಚಿತ ವಕೀಲರು: ಖರ್ಚು ಯಾರ ಲೆಕ್ಕಕ್ಕೆ?

ಬಸ್ಸಿನ್ಯಾಗ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೇಳೋರಿಗೂ, ಕೇಳೋಕೆ ಟೈಮ್ ಇಲ್ಲದೆ ಈ ಪುಟದಲ್ಲಿ ಓದೋರಿಗೂ ಸ್ವಾಗತ. ಈ ವಾರದ ವಿಷಯ ವಕೀಲರ ಫೀ. ಸರಿಯಾಗಿ ಹೇಳಬೇಕಂದ್ರ, ಫೀ ಇಲ್ಲದ ವಕೀಲಿ.

ಬೆಂಗಳೂರು, ಮುಂಬೈ, ದೆಹಲಿಯಲ್ಲಿ ದೊಡ್ಡ ದೊಡ್ಡ ಲಾ ಫರ್ಮ್‌ಗಳಿವೆ. ಕಂಪನಿಗಳ ವಿಲೀನ, ಬ್ಯಾಂಕ್ ಸಾಲದ ಒಪ್ಪಂದ, ಷೇರು ವ್ಯವಹಾರ ಇವುಗಳ ದಿನನಿತ್ಯದ ಕೆಲಸ. ಇಂಥ ಫರ್ಮ್‌ಗಳ ಕೆಲವು ವಕೀಲರು ವರ್ಷದಲ್ಲಿ ಒಂದಿಷ್ಟು ತಾಸು ಫೀ ತೆಗೆದುಕೊಳ್ಳದೆ ಬಡವರ ಕೇಸು, ಸಂಘ-ಸಂಸ್ಥೆಗಳ ಕೆಲಸ ಮಾಡುತ್ತಾರೆ. ಅದಕ್ಕೆ 'ಪ್ರೊ ಬೊನೊ' ಅಂತಾರೆ. ಹಂಗಾದ್ರ ಬೈಲಹೊಂಗಲದಲ್ಲಿ ತವರುಮನಿ ಹೊಲದಾಗ ಪಾಲು ಕೇಳ್ತಿರೋ ಅಕ್ಕನಿಗೆ, ರಾಮದುರ್ಗದಲ್ಲಿ ಹೊಳಿ ನೀರಿಗೆ ಮನಿ ಬಿದ್ದು ಪರಿಹಾರಕ್ಕ ಅಲೆದಾಡ್ತಿರೋ ಕಾಕಾಗ ಅಂಥ ವಕೀಲರು ಸಿಗ್ತಾರಾ?

ನೇರವಾಗಿ ಹೇಳ್ತೀನಿ: ಸಿಗೋದು ಕಷ್ಟ. ಆದರೆ ಅದಕ್ಕಿಂತ ಗಟ್ಟಿಯಾದ ಒಂದು ದಾರಿ ನಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇದೆ. ಅದು ಯಾರ ದಾನವೂ ಅಲ್ಲ, ನಮ್ಮ ಹಕ್ಕು. ದಾನಕ್ಕೂ ಹಕ್ಕಿಗೂ ಏನು ವ್ಯತ್ಯಾಸ ಅನ್ನೋದೇ ಇವತ್ತಿನ ಎಪಿಸೋಡ್.

ಪ್ರೊ ಬೊನೊ ಅಂದ್ರ ಏನು?

ಇದು ಲ್ಯಾಟಿನ್ ಮಾತು. ಪೂರ್ತಿ ಹೆಸರು 'ಪ್ರೊ ಬೊನೊ ಪಬ್ಲಿಕೊ', ಅಂದರೆ ಸಾರ್ವಜನಿಕರ ಒಳಿತಿಗಾಗಿ. ವಕೀಲರು ತಮ್ಮ ಫೀ ಬಿಟ್ಟುಕೊಟ್ಟು ಮಾಡುವ ಕೆಲಸ.

ನಾನು ಕಾಮರ್ಸ್ ಓದಿದವನು. ಯಾರಾದ್ರೂ 'ಫ್ರೀ' ಅಂದ ಕೂಡಲೇ ನನಗೆ ಬರೋ ಮೊದಲ ಪ್ರಶ್ನೆ, ಖರ್ಚು ಯಾರ ಲೆಕ್ಕಕ್ಕೆ ಬೀಳ್ತದ ಅನ್ನೋದು. ದೊಡ್ಡ ಫರ್ಮ್‌ಗಳು ಬಹಳಷ್ಟು ಕೆಲಸಕ್ಕೆ ತಾಸಿನ ಲೆಕ್ಕದಲ್ಲಿ ಬಿಲ್ ಮಾಡುತ್ತವೆ. ಲೆಕ್ಕಕ್ಕೆ ಸುಲಭ ಆಗಲಿ ಅಂತ ತಾಸಿಗೆ 10,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಒಬ್ಬ ವಕೀಲರು 50 ತಾಸು ಪ್ರೊ ಬೊನೊ ಕೆಲಸ ಮಾಡಿದರೆ ಫರ್ಮ್ 5 ಲಕ್ಷ ರೂಪಾಯಿ ಬಿಲ್ ಬಿಟ್ಟುಕೊಟ್ಟಂತೆ. ವಕೀಲರ ಸಂಬಳ, ಆಫೀಸಿನ ಬಾಡಿಗೆ, ಕರೆಂಟ್ ಬಿಲ್ ಮಾತ್ರ ನಿಲ್ಲೋದಿಲ್ಲ. ಅಂದ್ರ ಖರ್ಚು ಫರ್ಮಿನ ಲೆಕ್ಕಕ್ಕೇ ಬಿತ್ತು.

50 ತಾಸು ಅನ್ನೋದು ನಾನು ಸುಮ್ಮನೆ ಆರಿಸಿದ ಸಂಖ್ಯೆ ಅಲ್ಲ. ಅಮೆರಿಕದ ವಕೀಲರ ಸಂಘ, ಅಮೆರಿಕನ್ ಬಾರ್ ಅಸೋಸಿಯೇಷನ್, ತನ್ನ ಮಾದರಿ ನಿಯಮದಲ್ಲಿ ಪ್ರತಿ ವಕೀಲರೂ ವರ್ಷಕ್ಕೆ ಕನಿಷ್ಠ 50 ತಾಸು ಪ್ರೊ ಬೊನೊ ಕೆಲಸ ಮಾಡುವ ಗುರಿ ಇಟ್ಟುಕೊಳ್ಳಬೇಕು ಎಂದು ಹೇಳುತ್ತದೆ. ಇದು ಕಡ್ಡಾಯ ಅಲ್ಲ, ಬರೀ ಗುರಿ. ಆದರೂ ಅಲ್ಲಿನ ದೊಡ್ಡ ಫರ್ಮ್‌ಗಳಲ್ಲಿ ಇದು ಒಂದು ರೂಢಿಯಾಗಿ ಬೆಳೆದಿದೆ.

ಪೆನ್ಸಿಲ್‌ನಲ್ಲಿ ಬರೆದ ಅರ್ಜಿ

ದೊಡ್ಡ ಫರ್ಮಿನ ಫ್ರೀ ಕೆಲಸ ಎಲ್ಲಿವರೆಗೆ ಮುಟ್ಟತದ, ಎಲ್ಲಿ ನಿಲ್ಲತದ ಅನ್ನೋದಕ್ಕ ಒಂದು ಕೇಸು ಹೇಳ್ತೀನಿ. ಇದು ನಮ್ಮೂರಿನದಲ್ಲ, ಅಮೆರಿಕದ್ದು. ಆದ್ರ ಪಾಠ ನಮಗೂ ಹೊಂದತದ.

1961, ಫ್ಲೋರಿಡಾ ರಾಜ್ಯದ ಪನಾಮಾ ಸಿಟಿ. ಕ್ಲಾರೆನ್ಸ್ ಗಿಡಿಯನ್ ಎಂಬ ಬಡವನ ಮೇಲೆ ಒಂದು ಪೂಲ್ ಆಟದ ಕೋಣೆಗೆ ನುಗ್ಗಿ ಚಿಲ್ಲರೆ ಹಣ ಮತ್ತು ಬಿಯರ್ ಕದ್ದ ಆರೋಪ ಬಂತು. ಕೋರ್ಟಿನಲ್ಲಿ ಆತ, "ನನ್ನ ಹತ್ತಿರ ದುಡ್ಡಿಲ್ಲ, ವಕೀಲರನ್ನು ಕೊಡಿ" ಎಂದು ಕೇಳಿದ. ಮರಣದಂಡನೆ ಆಗಬಹುದಾದ ಕೇಸಿಗೆ ಮಾತ್ರ ಸರ್ಕಾರ ವಕೀಲರನ್ನು ಕೊಡುತ್ತದೆ ಎಂದು ನ್ಯಾಯಾಧೀಶರು ನಿರಾಕರಿಸಿದರು. ಗಿಡಿಯನ್ ತನ್ನ ಪರ ತಾನೇ ವಾದ ಮಾಡಿದ, ಸೋತ. 5 ವರ್ಷ ಜೈಲು ಶಿಕ್ಷೆ ಆಯಿತು.

ಜೈಲಿನಿಂದಲೇ ಆತ ಪೆನ್ಸಿಲ್‌ನಲ್ಲಿ ಅರ್ಜಿ ಬರೆದು ಅಮೆರಿಕದ ಸುಪ್ರೀಂ ಕೋರ್ಟಿಗೆ ಕಳಿಸಿದ. ಕೋರ್ಟು ಅದನ್ನು ವಿಚಾರಣೆಗೆ ತೆಗೆದುಕೊಂಡು, ಅವನ ಪರ ವಾದಿಸಲು ಏಬ್ ಫೋರ್ಟಾಸ್ ಎಂಬ ವಕೀಲರನ್ನು ನೇಮಿಸಿತು. ಫೋರ್ಟಾಸ್ ವಾಷಿಂಗ್ಟನ್ನಿನ ಹೆಸರಾಂತ ಕಮರ್ಷಿಯಲ್ ಫರ್ಮ್ 'ಆರ್ನಾಲ್ಡ್, ಫೋರ್ಟಾಸ್ ಅಂಡ್ ಪೋರ್ಟರ್'ನ ಪಾಲುದಾರರು. ದೊಡ್ಡ ಕಂಪನಿಗಳ ಕೆಲಸ ಮಾಡುವ ಆಫೀಸು ಈ ಕೈದಿಯ ಕೇಸಿನ ಮೇಲೆ ಕೂತು ತಯಾರಿ ಮಾಡಿತು. 1963ರ ಮಾರ್ಚ್ 18ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ತೀರ್ಪು ಕೊಟ್ಟರು: ಗಂಭೀರ ಅಪರಾಧದ ಆರೋಪಿಗೆ ದುಡ್ಡಿಲ್ಲದಿದ್ದರೆ ಸರ್ಕಾರವೇ ವಕೀಲರನ್ನು ಕೊಡಬೇಕು.

ಇಷ್ಟು ಕತಿ ಬಹಳ ಮಂದಿಗೆ ಗೊತ್ತು. ಮುಂದಿನದು ಕೇಳ್ರಿ. ಗೆದ್ದ ಕೂಡಲೇ ಗಿಡಿಯನ್ ಬಿಡುಗಡೆ ಆಗಲಿಲ್ಲ. ಕೇಸು ಮತ್ತೆ ಅದೇ ಊರಿನ ಕೋರ್ಟಿಗೆ ಮರುವಿಚಾರಣೆಗೆ ಬಂತು. ಅವನಿಗೆ ನೆರವಾಗಲು ಮಯಾಮಿಯಿಂದ ನಾಗರಿಕ ಹಕ್ಕುಗಳ ವಕೀಲರು ಬಂದರು. ಗಿಡಿಯನ್ ಅವರನ್ನು ಬೇಡ ಎಂದು, ಅದೇ ಊರಿನ ಫ್ರೆಡ್ ಟರ್ನರ್ ಎಂಬ ವಕೀಲರನ್ನು ಕೇಳಿದ. ಟರ್ನರ್‌ಗೆ ಊರು ಗೊತ್ತಿತ್ತು, ಆ ಓಣಿ ಗೊತ್ತಿತ್ತು, ಸಾಕ್ಷಿ ಹೇಳುವವರು ಎಂಥವರು ಅನ್ನೋದೂ ಗೊತ್ತಿತ್ತು. ಪಾಟೀಸವಾಲಿನಲ್ಲಿ ಮುಖ್ಯ ಸಾಕ್ಷಿಯ ಮಾತು ನಿಲ್ಲಲಿಲ್ಲ. 1963ರ ಆಗಸ್ಟಿನಲ್ಲಿ ಗಿಡಿಯನ್ ನಿರ್ದೋಷಿ ಎಂದು ಹೊರಬಂದ.

ಇದರಲ್ಲಿ ಎರಡು ಗೆಲುವು ಇವೆ. ದೊಡ್ಡ ಫರ್ಮ್ ಗೆದ್ದುಕೊಟ್ಟದ್ದು ತತ್ವವನ್ನು. ಕೇಸನ್ನು ಗೆದ್ದುಕೊಟ್ಟದ್ದು ಊರಿನ ವಕೀಲರು. ಇವೆರಡರ ನಡುವೆ ಇನ್ನೊಂದು ಸಂಗತಿ ನಡೆಯಿತು: ಖರ್ಚು ಫರ್ಮಿನ ಲೆಕ್ಕದಿಂದ ಸರ್ಕಾರದ ಲೆಕ್ಕಕ್ಕೆ ಹೋಯಿತು. ಮೊದಲು ಒಬ್ಬರ ಒಳ್ಳೆ ಮನಸ್ಸಿನ ಮೇಲೆ ನಿಂತಿದ್ದು, ಆಮೇಲೆ ಎಲ್ಲರ ಹಕ್ಕಾಯಿತು.

ನಮ್ಮ ದೇಶದ ಫರ್ಮ್‌ಗಳ ಕತೆ

ಭಾರತದಲ್ಲಿ ವಕೀಲರಿಗೆ 50 ತಾಸಿನ ಗುರಿ ಇಲ್ಲ. ಆದರೆ ಕರ್ತವ್ಯ ಇದೆ. ಭಾರತೀಯ ವಕೀಲರ ಪರಿಷತ್ತಿನ ನಡಾವಳಿ ನಿಯಮಗಳಲ್ಲಿ 46ನೇ ನಿಯಮ ಹೇಳುವುದು ಇಷ್ಟು: ನಿಜವಾಗಿ ವಕೀಲರ ಅಗತ್ಯ ಇರುವವರು ಪೂರ್ತಿ ಫೀ ಕೊಡಲಾಗದಿದ್ದರೂ ಅವರಿಗೆ ನೆರವು ಸಿಗಬೇಕು ಎಂಬುದನ್ನು ಪ್ರತಿ ವಕೀಲರೂ ನೆನಪಿನಲ್ಲಿಡಬೇಕು, ತಮ್ಮ ಆರ್ಥಿಕ ಮಿತಿಯೊಳಗೆ ಬಡವರಿಗೆ ಉಚಿತ ನೆರವು ಕೊಡುವುದು ವಕೀಲರು ಸಮಾಜಕ್ಕೆ ಸಲ್ಲಿಸಬೇಕಾದ ದೊಡ್ಡ ಋಣಗಳಲ್ಲಿ ಒಂದು. ಮಾತು ಚಲೋ ಐತಿ. ಆದ್ರ ಎಷ್ಟು ತಾಸು, ಲೆಕ್ಕ ಯಾರು ಇಡಬೇಕು ಅನ್ನೋದು ಅದರಾಗ ಇಲ್ಲ.

"ಕಂಪನಿಗಳಿಗೆ ಸಿಎಸ್ಆರ್ ಐತಲ್ಲ, ಫರ್ಮ್‌ಗಳಿಗೆ ಇಲ್ಲೇನು?" ಅಂತ ಬಿ.ಕಾಂ ಹುಡುಗರು ಕೇಳಬಹುದು. ಕಂಪನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆದರೆ ಲಾ ಫರ್ಮ್‌ಗಳು ಸಾಮಾನ್ಯವಾಗಿ ಪಾಲುದಾರಿಕೆ ಸಂಸ್ಥೆಗಳು ಅಥವಾ ಎಲ್‌ಎಲ್‌ಪಿಗಳು. ಅವು ಕಂಪನಿಗಳಲ್ಲ, ಹಾಗಾಗಿ ಆ ಕಲಂ ಅವುಗಳಿಗೆ ತಾಗುವುದಿಲ್ಲ. ಫ್ರೀ ಕೆಲಸ ಮಾಡಿದರೆ ಅದು ಅವರ ಇಚ್ಛೆ.

ಈ ಇಚ್ಛೆಗೆ ಒಂದು ವ್ಯವಸ್ಥೆ ಮಾಡಲು ಕೇಂದ್ರ ಸರ್ಕಾರದ ನ್ಯಾಯ ಇಲಾಖೆ 2017ರಲ್ಲಿ 'ನ್ಯಾಯ ಬಂಧು' ಎಂಬ ಪ್ರೊ ಬೊನೊ ಕಾರ್ಯಕ್ರಮ ಶುರು ಮಾಡಿತು. ಅದಕ್ಕೊಂದು ಮೊಬೈಲ್ ಆ್ಯಪ್ ಕೂಡ ಇದೆ. ಫೀ ಇಲ್ಲದೆ ಕೆಲಸ ಮಾಡಲು ಒಪ್ಪಿದ ವಕೀಲರು ಒಂದು ಕಡೆ ಹೆಸರು ನೋಂದಾಯಿಸುತ್ತಾರೆ, ನೆರವು ಬೇಕಾದವರು ಇನ್ನೊಂದು ಕಡೆ. ಅದೇ 2017ರಲ್ಲಿ ಸುಪ್ರೀಂ ಕೋರ್ಟು ಇಂದಿರಾ ಜೈಸಿಂಗ್ ಪ್ರಕರಣದಲ್ಲಿ ಹಿರಿಯ ವಕೀಲರ ಪದವಿ ಕೊಡುವಾಗ ಪ್ರೊ ಬೊನೊ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದಿತು. ಮಾಡಿದವರಿಗೆ ಗೌರವ ಸಿಗಲಿ ಅನ್ನೋದು ಉದ್ದೇಶ.

ಆದರೂ ಮಿತಿ ಅಲ್ಲೇ ಇದೆ. ಸ್ವಂತ ಇಚ್ಛೆಯಿಂದ ಬಂದವರು ನಾಳೆ ಕೆಲಸದ ಒತ್ತಡ ಅಂತ ಹಿಂದೆ ಸರಿಯಬಹುದು. ಯಾವ ಕೇಸು ತೆಗೆದುಕೊಳ್ಳಬೇಕು ಅನ್ನೋದೂ ಅವರದೇ ಆಯ್ಕೆ. ನೀವು ಕೇಳಬಹುದು, ಒತ್ತಾಯ ಮಾಡಲಾಗದು. ಇನ್ನೊಂದು ಮಾತು: ಸವದತ್ತಿ ಕೋರ್ಟಿನಲ್ಲಿ ಒಂದು ಪಾಲಿನ ದಾವೆ ಅಂದರೆ ವರ್ಷಗಟ್ಟಲೆ ತಾರೀಖು. ಪ್ರತಿ ತಾರೀಖಿಗೂ ಬೆಂಗಳೂರಿನಿಂದ ವಕೀಲರು ಬರೋದು ಆಗೋ ಮಾತಲ್ಲ.

1979ರ ಒಂದು ಅರ್ಜಿ

ನಮ್ಮಲ್ಲೂ ಹಕ್ಕು ಹುಟ್ಟಿದ್ದು ಒಬ್ಬ ವಕೀಲರ ಅರ್ಜಿಯಿಂದಲೇ ಬಲ ಪಡೆಯಿತು. 1979ರ ಜನವರಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಬಿಹಾರದ ಜೈಲುಗಳ ಬಗ್ಗೆ ಬರಹಗಳು ಬಂದವು. ಬರೆದವರು ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರಾಗಿದ್ದ ಕೆ.ಎಫ್. ರುಸ್ತುಂಜಿ. ಜಾಮೀನಿಗೆ ದುಡ್ಡಿಲ್ಲದೆ, ವಕೀಲರಿಲ್ಲದೆ ಜನ ವಿಚಾರಣೆಯೇ ನಡೆಯದೆ ವರ್ಷಗಟ್ಟಲೆ ಒಳಗಿದ್ದರು. ಆರೋಪ ಸಾಬೀತಾಗಿದ್ದರೆ ಆಗುತ್ತಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ದಿನ ಒಳಗೆ ಕಳೆದವರೂ ಅವರಲ್ಲಿದ್ದರು.

ಅದನ್ನು ಓದಿದ ವಕೀಲೆ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅದೇ ಹುಸೇನಾರಾ ಖಾತೂನ್ ಪ್ರಕರಣ. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ, ಬಡ ಆರೋಪಿಗೆ ಉಚಿತ ಕಾನೂನು ನೆರವು ಕೊಡುವುದು ಸಂವಿಧಾನದ 21ನೇ ವಿಧಿಯ ಭಾಗ ಎಂದು ಹೇಳಿತು. 21ನೇ ವಿಧಿ ಅಂದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು. ಈ ಪ್ರಕರಣದಿಂದ ಸುಮಾರು 40,000 ವಿಚಾರಣಾಧೀನ ಕೈದಿಗಳ ಬಿಡುಗಡೆಗೆ ದಾರಿ ಆಯಿತು.

ಇದಕ್ಕೂ ಮೊದಲು, 1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತ್ತು. ದುಡ್ಡಿಲ್ಲ ಅನ್ನೋ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಸರ್ಕಾರ ಉಚಿತ ನೆರವು ಕೊಡಬೇಕು ಎಂಬುದು ಅದರ ಸಾರ. 1986ರ ಸುಖ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆರೋಪಿ ತಾನಾಗಿ ವಕೀಲರನ್ನು ಕೇಳಲಿಲ್ಲ ಅನ್ನೋ ನೆಪ ನಡೆಯುವುದಿಲ್ಲ, ಉಚಿತ ನೆರವಿನ ಹಕ್ಕಿದೆ ಎಂದು ನ್ಯಾಯಾಧೀಶರೇ ಹೇಳಬೇಕು. ಹೇಳದೆ ನಡೆಸಿದ ವಿಚಾರಣೆ ನಿಲ್ಲುವುದಿಲ್ಲ ಎಂದಿತು.

ಮುಂದೆ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987 ಬಂತು. ಅದು ಜಾರಿಯಾದದ್ದು 1995ರ ನವೆಂಬರ್ 9ರಂದು. ಪ್ರತಿ ವರ್ಷ ನವೆಂಬರ್ 9 ಕಾನೂನು ಸೇವಾ ದಿನ ಆಗಿರೋದು ಅದಕ್ಕೇ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಯಾರಿಗೆ ಸಿಗುತ್ತದೆ?

ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳ್ರಿ. ಈ ಕಾಯ್ದೆಯ 12ನೇ ಕಲಂ ಯಾರಿಗೆ ಉಚಿತ ವಕೀಲರು ಎಂದು ಪಟ್ಟಿ ಕೊಡುತ್ತದೆ. ಬಹಳ ಮಂದಿ ಇದನ್ನು ಬಿಪಿಎಲ್ ಕಾರ್ಡಿನವರಿಗೆ ಮಾತ್ರ ಅಂತ ತಿಳ್ಕೊಂಡಾರ. ಹಂಗಿಲ್ಲ.

ಮೊದಲನೆಯದು, ಮಹಿಳೆಯರು. ಎಲ್ಲ ಮಹಿಳೆಯರು. ಆದಾಯದ ಮಿತಿ ಇಲ್ಲ. ಬೈಲಹೊಂಗಲದ ಅಕ್ಕನ ಉದಾಹರಣೆ ತಗೊಳ್ಳೋಣ. ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಉತಾರದಲ್ಲಿ ತಮ್ಮ ಹೆಸರು ಮಾತ್ರ ಏರಿಸಿಕೊಂಡರು. "ನಿನ್ನ ಮದುವಿಗೆ ಖರ್ಚು ಮಾಡೇವಲ್ಲ, ಸಹಿ ಹಾಕು" ಅಂತಾರ. ಗಂಡನ ಮನೆಯಲ್ಲಿ ಸ್ವಲ್ಪ ಅನುಕೂಲ ಇದ್ದರೂ ಆಕೆಯ ಕೈಯಲ್ಲಿ ವಕೀಲರ ಫೀಗೆ ದುಡ್ಡು ಇರಲಿಕ್ಕಿಲ್ಲ. ಕಾಯ್ದೆ ಇದನ್ನು ಅರ್ಥ ಮಾಡಿಕೊಂಡಿದೆ. ಅದಕ್ಕೇ ಗಂಡನ ಆದಾಯವನ್ನೂ ಕೇಳುವುದಿಲ್ಲ.

ಆಕೆಯ ಕೇಸಿಗೆ ಬಲವೂ ಇದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳ ಪಾಲಿಗಾಗಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತ್ತು. 2005ರಲ್ಲಿ ದೇಶಕ್ಕೆಲ್ಲ ತಿದ್ದುಪಡಿ ಬಂತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು, 2005ರಲ್ಲಿ ಅಪ್ಪ ಬದುಕಿರಲೇಬೇಕು ಎಂದೇನಿಲ್ಲ ಎಂದು ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿ ಆದ ಪಾಲುಪತ್ರ ಇದ್ದರೆ ಲೆಕ್ಕ ಬೇರೆ. ಇಂಥ ಒಳಸುಳಿ ಇರೋದಕ್ಕೇ ಸಹಿ ಹಾಕುವ ಮೊದಲು ವಕೀಲರನ್ನು ಕಾಣಬೇಕು, ಹಾಕಿದ ಮೇಲೆ ಅಲ್ಲ.

ಎರಡನೆಯದು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು. ಇಲ್ಲೂ ಆದಾಯದ ಮಿತಿ ಇಲ್ಲ. ಮಕ್ಕಳಿಗೂ, ಅಂಗವಿಕಲರಿಗೂ ಇದೇ ನಿಯಮ. ಮಾನವ ಸಾಗಾಣಿಕೆಗೆ, ಜೀತಕ್ಕೆ ಸಿಕ್ಕವರೂ ಪಟ್ಟಿಯಲ್ಲಿದ್ದಾರೆ. ಸವದತ್ತಿ ಸೀಮೆಯಲ್ಲಿ ಇದಕ್ಕೆ ವಿಶೇಷ ಅರ್ಥ ಇದೆ. ದೇವದಾಸಿ ಸಮರ್ಪಣೆಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಆ ಪದ್ಧತಿಯಲ್ಲಿ ಬದುಕು ಸವೆಸಿದ ಅವ್ವಂದಿರು ಆಸ್ತಿ, ಪಿಂಚಣಿ, ಮಕ್ಕಳ ದಾಖಲೆ ಹೀಗೆ ಯಾವುದೇ ಕಾನೂನು ಕೆಲಸಕ್ಕೆ ಉಚಿತ ವಕೀಲರನ್ನು ಕೇಳಬಹುದು. ಮಹಿಳೆ ಅನ್ನೋದೊಂದೇ ಸಾಕು, ಬೇರೆ ಏನನ್ನೂ ಯಾರ ಮುಂದೂ ಸಾಬೀತು ಮಾಡಬೇಕಿಲ್ಲ.

ಮೂರನೆಯದು, ಪ್ರವಾಹ, ಬರ, ಭೂಕಂಪ, ಜಾತಿ ದೌರ್ಜನ್ಯದಂಥ ಸಂಕಟಕ್ಕೆ ಸಿಕ್ಕವರು. 2019ರ ಆಗಸ್ಟಿನಲ್ಲಿ ಮಲಪ್ರಭಾ ಹೊಳಿ ರಾಮದುರ್ಗ ತಾಲ್ಲೂಕಿನಲ್ಲಿ ಏನು ಮಾಡಿತು ಅನ್ನೋದು ನಿಮಗೆ ಹೇಳಬೇಕಿಲ್ಲ. ಮನೆ ಬಿದ್ದವರ ಪಟ್ಟಿಯಲ್ಲಿ ಹೆಸರು ಬಿಟ್ಟು ಹೋದರೆ, ಪರಿಹಾರ ಬೇರೆಯವರ ಖಾತೆಗೆ ಹೋದರೆ, ಆ ತಕರಾರಿಗೆ ಉಚಿತ ವಕೀಲರನ್ನು ಕೇಳುವ ಹಕ್ಕು ಪ್ರವಾಹ ಸಂತ್ರಸ್ತರಿಗೆ ಇದೆ.

ನಾಲ್ಕನೆಯದು, ಕೈಗಾರಿಕಾ ಕಾರ್ಮಿಕರು. ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಇಂಥ ಕಾರ್ಖಾನೆಗಳಲ್ಲಿ ದುಡಿಯುವ ಕೂಲಿಕಾರರು ವೇತನದ ತಕರಾರಿಗೆ ಸ್ವಂತ ದುಡ್ಡಿನಲ್ಲೇ ವಕೀಲರನ್ನು ಹಿಡಿಯಬೇಕು ಅಂತಿಲ್ಲ.

ಐದನೆಯದು, ಪೊಲೀಸ್ ಕಸ್ಟಡಿ, ಜೈಲು, ಬಾಲಮಂದಿರದಂಥ ಕಡೆ ಇರುವವರು. ಅಲ್ಲಿ ಇದ್ದಾರೆ ಅನ್ನೋದೇ ಅರ್ಹತೆ.

ಆರನೆಯದು, ಮೇಲಿನ ಯಾವುದರಲ್ಲೂ ಬರದ, ಆದರೆ ಆದಾಯ ಕಡಿಮೆ ಇರುವವರು. ಮಿತಿಯನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ, ಆಗಾಗ ಪರಿಷ್ಕರಣೆ ಆಗುತ್ತದೆ. ಹಾಗಾಗಿ ಈ ವರ್ಷದ ಮಿತಿ ಎಷ್ಟು ಅಂತ ಸಮಿತಿ ಕಚೇರಿಯಲ್ಲೇ ಕೇಳಿ. ಆದಾಯದ ಬಗ್ಗೆ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಕೊಟ್ಟರೆ ಸಾಕು ಎಂದು ಪರಿಗಣಿಸಲು 13ನೇ ಕಲಂ ಅವಕಾಶ ಕೊಡುತ್ತದೆ. ಅನುಮಾನಕ್ಕೆ ಕಾರಣ ಇದ್ದರೆ ಮಾತ್ರ ಹೆಚ್ಚಿನ ದಾಖಲೆ ಕೇಳುತ್ತಾರೆ.

ಒಂದು ಷರತ್ತು ಎಲ್ಲರಿಗೂ ಇದೆ. ಮೇಲ್ನೋಟಕ್ಕೆ ಕೇಸಿನಲ್ಲಿ ಹುರುಳು ಇರಬೇಕು. ನೆರೆಮನೆಯವರಿಗೆ ಕಾಟ ಕೊಡೋಕೆ ಫ್ರೀ ವಕೀಲರು ಅಂದ್ರ ಆಗೋದಿಲ್ಲ.

ಎಲ್ಲಿಗೆ ಹೋಗಬೇಕು?

ತಾಲ್ಲೂಕು ಕೋರ್ಟಿಗೆ. ಅಲ್ಲಿ 'ತಾಲ್ಲೂಕು ಕಾನೂನು ಸೇವಾ ಸಮಿತಿ' ಇರುತ್ತದೆ. ಅದರ ಅಧ್ಯಕ್ಷರು ಆ ತಾಲ್ಲೂಕಿನ ಹಿರಿಯ ನ್ಯಾಯಾಧೀಶರೇ. ಮೇಲೆ ಬೆಳಗಾವಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಅದರ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರು. ಕೇಸು ಹೈಕೋರ್ಟಿಗೆ ಹೋದರೂ ನೆರವು ನಿಲ್ಲುವುದಿಲ್ಲ. ನಮ್ಮ ಜಿಲ್ಲೆಯ ಮೇಲ್ಮನವಿಗಳು ಹೋಗುವುದು ಧಾರವಾಡ ಪೀಠಕ್ಕೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಪೀಠ ಅದು. ಅಲ್ಲೂ ಉಚಿತ ವಕೀಲರಿಗೆ ಅರ್ಜಿ ಹಾಕಬಹುದು.

ಹೋಗುವಾಗ ಆಧಾರ್, ಕೇಸಿಗೆ ಸಂಬಂಧಪಟ್ಟ ಕಾಗದ, ಪರಿಶಿಷ್ಟರಾಗಿದ್ದರೆ ಜಾತಿ ಪ್ರಮಾಣಪತ್ರ, ಆದಾಯದ ಆಧಾರದ ಮೇಲೆ ಕೇಳುವುದಾದರೆ ಅಫಿಡವಿಟ್ ಇಟ್ಟುಕೊಳ್ಳಿ. ಒಂದು ಅರ್ಜಿ ತುಂಬಬೇಕು. ಓದು ಬರಹ ಬಾರದಿದ್ದರೆ ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2010ರ ನಿಯಮಾವಳಿ ಪ್ರಕಾರ ಅರ್ಜಿ ಬಂದ 7 ದಿನದೊಳಗೆ ತೀರ್ಮಾನ ಆಗಬೇಕು.

ಅರ್ಜಿ ಒಪ್ಪಿಗೆಯಾದರೆ ಪ್ಯಾನೆಲ್‌ನಲ್ಲಿರುವ ಒಬ್ಬ ವಕೀಲರನ್ನು ನಿಮಗೆ ಕೊಡುತ್ತಾರೆ. ಅವರ ಫೀ ಅಷ್ಟೇ ಅಲ್ಲ, ಕೋರ್ಟ್ ಶುಲ್ಕ, ಸಮನ್ಸ್ ಖರ್ಚು, ದೃಢೀಕೃತ ಪ್ರತಿಗಳ ಖರ್ಚೂ ಪ್ರಾಧಿಕಾರದ್ದೇ. ನೀವು ಆ ವಕೀಲರ ಕೈಗೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ಯಾರಾದರೂ ಕೇಳಿದರೆ ಸಮಿತಿಗೆ ಲಿಖಿತ ದೂರು ಕೊಡಿ. ಅರ್ಜಿ ತಿರಸ್ಕಾರ ಆದರೆ ಮೇಲ್ಮನವಿಗೂ ಅವಕಾಶ ಇದೆ.

ಮನೆಯಿಂದಲೇ ಶುರು ಮಾಡಬೇಕು ಅಂದ್ರ 15100ಕ್ಕ ಫೋನ್ ಹಚ್ಚರಿ. ಇದು ರಾಷ್ಟ್ರೀಯ ಕಾನೂನು ಸೇವಾ ಸಹಾಯವಾಣಿ. ಕೇಸು ಹಾಕುವ ಮೊದಲು ಬರೀ ಸಲಹೆ ಬೇಕಾದರೆ 'ಟೆಲಿ-ಲಾ' ಇದೆ, ಅದರ ಸಂಖ್ಯೆ 14454.

"ಫುಕಟ್ ವಕೀಲರು ಚಲೋ ಇರ್ತಾರೇನ್ರಿ?"

ಇದು ಎಲ್ಲರ ಮನಸ್ಸಿನಲ್ಲಿರೋ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೂ ಹೌದು. ಪ್ಯಾನೆಲ್ ವಕೀಲರಿಗೆ ಸಿಗುವ ಗೌರವಧನ ಖಾಸಗಿ ಫೀಗೆ ಹೋಲಿಸಿದರೆ ಕಡಿಮೆ. ಹಾಗಾಗಿ ಫೀ ಕೊಡುವ ಪಕ್ಷಗಾರರ ಕಡೆ ಹೆಚ್ಚು ಗಮನ ಹೋಗಬಹುದು ಎಂಬ ಅನುಮಾನ ಸಹಜ.

ಸುಪ್ರೀಂ ಕೋರ್ಟಿಗೂ ಈ ಚಿಂತೆ ಇದೆ. 2019ರ ಅನೋಖಿಲಾಲ್ ಪ್ರಕರಣದಲ್ಲಿ, ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಕೇಸುಗಳಿಗೆ ಕನಿಷ್ಠ 10 ವರ್ಷ ಅನುಭವ ಇರುವ ವಕೀಲರನ್ನೇ ಪರಿಗಣಿಸಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನವಾದರೂ ಕೊಡಬೇಕು ಎಂದು ಹೇಳಿತು. 2022ರಿಂದ ಕ್ರಿಮಿನಲ್ ಕೇಸುಗಳಿಗೆ ಇನ್ನೊಂದು ಪದ್ಧತಿ ಬಂದಿದೆ. ಇದರಲ್ಲಿ ವಕೀಲರು ಖಾಸಗಿ ಕೇಸು ಹಿಡಿಯದೆ, ಪೂರ್ಣಾವಧಿ ಉಚಿತ ನೆರವಿನ ಕೆಲಸವನ್ನೇ ಮಾಡುತ್ತಾರೆ. 'ಕಾನೂನು ನೆರವು ರಕ್ಷಣಾ ವಕೀಲರ ವ್ಯವಸ್ಥೆ' ಅಂತ ಅದಕ್ಕೆ ಹೆಸರು.

ನಮ್ಮ ಕೈಯಲ್ಲಿರೋದು ಇಷ್ಟು. ಪ್ರತಿ ತಾರೀಖಿನಂದು ಏನಾಯಿತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಕೋರ್ಟಿಗೆ ಸಲ್ಲಿಸಿದ ಪ್ರತಿ ಕಾಗದದ ಒಂದು ಪ್ರತಿ ತೆಗೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸಿನ ಸಂಖ್ಯೆ ಹಾಕಿದರೆ ಮುಂದಿನ ತಾರೀಖು ಫೋನಿನಲ್ಲೇ ಕಾಣುತ್ತದೆ. ಅವ್ವಗ, ಅಜ್ಜಗ ಅದನ್ನ ನೋಡಿ ಹೇಳೋ ಕೆಲಸ ನಮ್ಮ ವಯಸ್ಸಿನವರದು. ವಕೀಲರು ಗಮನ ಕೊಡುತ್ತಿಲ್ಲ ಅನಿಸಿದರೆ ಬೇರೆಯವರನ್ನು ಕೊಡಿ ಎಂದು ಸಮಿತಿಗೆ ಬರೆದು ಕೇಳಬಹುದು. ದಾನ ಕೊಟ್ಟವರ ಹತ್ತಿರ ಹೀಗೆ ಕೇಳಲು ಬಾಯಿ ಬರೋದಿಲ್ಲ. ಹಕ್ಕಾಗಿರೋದಕ್ಕೇ ಕೇಳಬಹುದು.

ಇನ್ನೊಂದು ಎಚ್ಚರ, ಲೋಕ ಅದಾಲತ್ ಬಗ್ಗೆ. ಚೆಕ್ ಬೌನ್ಸ್, ಅಪಘಾತ ಪರಿಹಾರ, ಬ್ಯಾಂಕ್ ಸಾಲ, ಪಾಲಿನ ದಾವೆ ಅಲ್ಲಿ ರಾಜಿಯಲ್ಲಿ ಮುಗಿಯಬಹುದು. ಕೋರ್ಟಿನಲ್ಲಿದ್ದ ಕೇಸು ಅಲ್ಲಿ ಇತ್ಯರ್ಥವಾದರೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ಆದರೆ ಅಲ್ಲಿ ಆದ ಆದೇಶಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬಲ, ಮತ್ತು ಅದರ ಮೇಲೆ ಅಪೀಲು ಇಲ್ಲ. ಅಲ್ಲಿ ರಾಜಿ ಆಗಲೇಬೇಕು ಅಂತ ಯಾರೂ ಒತ್ತಾಯ ಮಾಡುವಂತಿಲ್ಲ. ಪೂರ್ತಿ ಓದಿಸಿಕೊಂಡು, ತಿಳಿದುಕೊಂಡು ಆಮೇಲೆ ಸಹಿ.

ಹಂಗಾದ್ರ ದೊಡ್ಡ ಫರ್ಮ್ ನಮಗ ಬ್ಯಾಡೇನು?

ಬೇಕು. ಆದರೆ ಬೇರೆ ಕೆಲಸಕ್ಕೆ. ಇದು ನನ್ನ ಅಭಿಪ್ರಾಯ.

ಪಾಲಿನ ದಾವೆ, ಜೀವನಾಂಶ, ಜಾಮೀನು ಇವಕ್ಕೆ ಊರು ಗೊತ್ತಿರೋ, ಪ್ರತಿ ತಾರೀಖಿಗೂ ಬರೋ ವಕೀಲರು ಬೇಕು. ಪನಾಮಾ ಸಿಟಿಯಲ್ಲಿ ಗಿಡಿಯನ್ ತನ್ನೂರಿನ ಟರ್ನರ್ ಬೇಕು ಅಂದ ಹಾಗೆ. ಆದರೆ ನಮ್ಮ ತಾಲ್ಲೂಕುಗಳಲ್ಲಿ ಕಂಪನಿ ಕಾನೂನಿನ ಕೆಲಸವೂ ಬೆಳೀಲಿಕ್ಕತ್ತದ. ಬೈಲಹೊಂಗಲ ಸೀಮೆಯ ಹತ್ತಿ ಬೆಳೆಗಾರರು ಸೇರಿ ರೈತ ಉತ್ಪಾದಕ ಕಂಪನಿ ಮಾಡಿದರೆ, ಅದು ಕಂಪನಿ ಕಾಯ್ದೆಯಡಿ ನೋಂದಣಿ ಆಗುವ ಸಂಸ್ಥೆ. ಅದಕ್ಕೆ ನಿಯಮಾವಳಿ ಬೇಕು, ಷೇರುದಾರರ ಪಟ್ಟಿ ಬೇಕು, ದೊಡ್ಡ ಖರೀದಿದಾರರ ಜೊತೆ ಕರಾರು ಬೇಕು. ಆ ಕಡೆಯ ಖರೀದಿದಾರರಿಗೆ ಕಾನೂನು ವಿಭಾಗ ಇರುತ್ತದೆ. ಈ ಕಡೆ ರೈತರ ಹತ್ತಿರ ಪೆನ್ನು ಮಾತ್ರ. ರಾಮದುರ್ಗದ ನೇಕಾರರ ಸಂಘ ಆನ್‌ಲೈನ್ ಮಾರಾಟ ತಾಣದ ಷರತ್ತುಗಳಿಗೆ ಒಪ್ಪಿಗೆ ಒತ್ತುವಾಗಲೂ ಇದೇ ಕತೆ.

ಇಂಥ ಕರಾರು ಓದಿ, ತಿದ್ದಿ ಕೊಡೋದು ಕಮರ್ಷಿಯಲ್ ಫರ್ಮಿನ ವಕೀಲರು ದಿನಾ ಮಾಡೋ ಕೆಲಸ. ಇದಕ್ಕೆ ಅವರು ಬೆಂಗಳೂರು ಬಿಟ್ಟು ಬರಬೇಕಿಲ್ಲ. ಒಂದು ವಿಡಿಯೊ ಕಾಲ್, ಒಂದು ಪಿಡಿಎಫ್, ಹತ್ತು ತಾಸಿನ ಕೆಲಸ. ಆ ಹತ್ತು ತಾಸು ನೂರಾರು ಮನೆಗಳ ವರ್ಷದ ಆದಾಯ ಉಳಿಸಬಹುದು.

ನಡುವಿನ ಕೊಂಡಿಯಾಗಿ ಕಾನೂನು ಕಾಲೇಜುಗಳಿವೆ. ವಕೀಲರ ಪರಿಷತ್ತಿನ 2008ರ ಶಿಕ್ಷಣ ನಿಯಮಗಳ ಪ್ರಕಾರ ಕಾನೂನು ಕಾಲೇಜುಗಳು ಕಾನೂನು ನೆರವು ಕೇಂದ್ರ ನಡೆಸಬೇಕು. ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ದೊಡ್ಡ ಪರಂಪರೆ ಇದೆ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಿಂದ ನಡೆಯುತ್ತಿದೆ. ಮುಖ್ಯ ನ್ಯಾಯಮೂರ್ತಿ ಆದ ಇ.ಎಸ್. ವೆಂಕಟರಾಮಯ್ಯ, ಅಟಾರ್ನಿ ಜನರಲ್ ಆಗಿದ್ದ ಕೆ.ಕೆ. ವೇಣುಗೋಪಾಲ್ ಅಲ್ಲಿ ಓದಿದವರು. ಈಗ ದೊಡ್ಡ ಫರ್ಮ್‌ಗಳಲ್ಲಿ ಕೆಲಸ ಮಾಡುವ ಈ ಭಾಗದ ಹುಡುಗ-ಹುಡುಗಿಯರು ಇದನ್ನು ಓದ್ತಿದ್ರ ಒಂದು ವಿನಂತಿ: ನಿಮ್ಮ ವರ್ಷದ ಪ್ರೊ ಬೊನೊ ತಾಸುಗಳಲ್ಲಿ ಕೆಲವನ್ನು ನಿಮ್ಮ ತಾಲ್ಲೂಕಿನ ರೈತ ಕಂಪನಿಗೆ, ಸ್ವಸಹಾಯ ಸಂಘಗಳ ಒಕ್ಕೂಟಕ್ಕೆ ಕೊಡಿ.

ಕೇಳುಗರಿಗೆ ನನ್ನ ಮಾತು ಇಷ್ಟೇ. ಯಾರಾದರೂ ದೊಡ್ಡ ವಕೀಲರು ಫ್ರೀ ಆಗಿ ಬಂದರೆ ಸಂತೋಷದಿಂದ ಸ್ವಾಗತಿಸಿ. ಆದರೆ ಅವರು ಬರಲಿ ಅಂತ ಕಾಯುತ್ತ ದಾವೆಯ ಅವಧಿ ಕಳೆದುಕೊಳ್ಳಬೇಡಿ. ತಾಲ್ಲೂಕು ಕೋರ್ಟಿನಲ್ಲಿ ಸಿಗುವ ಉಚಿತ ವಕೀಲರ ಖರ್ಚು ಸಾರ್ವಜನಿಕ ಹಣದ್ದು, ಅಂದ್ರ ನಮ್ಮದೇ ತೆರಿಗೆ ದುಡ್ಡು. ಬೆಂಕಿಪೊಟ್ಟಣ ಕೊಂಡರೂ ನಾವು ಜಿಎಸ್‌ಟಿ ಕಟ್ಟುತ್ತೇವೆ. ಅದಕ್ಕೇ ಅಲ್ಲಿಗೆ ಹೋಗುವಾಗ ತಲೆ ತಗ್ಗಿಸಿ ಹೋಗಬೇಕಿಲ್ಲ.

15100 ಸಂಖ್ಯೆಯನ್ನು ಈಗಲೇ ಫೋನಿನಲ್ಲಿ ಸೇವ್ ಮಾಡ್ಕೊಳ್ರಿ. ಮನಿ ಗ್ರೂಪಿನಾಗೂ ಹಾಕ್ರಿ. ಮುಖ್ಯವಾಗಿ, ಯಾರದೋ ಒತ್ತಾಯಕ್ಕ ಕಾಗದದ ಮ್ಯಾಲೆ ಸಹಿ ಹಾಕೋ ಹಂತದಾಗಿರೋ ಅಕ್ಕಗ, ಅತ್ತೆಗ, ಅವ್ವಗ ಇದನ್ನ ಇವತ್ತೇ ತಿಳಿಸ್ರಿ. ಮುಂದಿನ ವಾರ ಮತ್ತೆ ಸಿಗೋಣ.